ಸಾವಿರ ಗಜದ ಷಡ್ಡಕರು

ಹೊಟ್ಟೆಕಿಚ್ಚು ಪಡುವುದಕ್ಕೂ ಎದುರಿನವನಿಗೆ ಒಂದು ಯೋಗ್ಯತೆ ಬೇಕು ಎಂದು ಕೂದಲೆಳೆ ನಂಬಿದ್ದ. ತಿಳಿದವರ ಮೇಲೆ, ದೊಡ್ಡವರ ಮೇಲೆ ಪಟ್ಟರೆ ಅದಕ್ಕೊಂದು ಅಂತಸ್ತಾದರೂ ಇರುತ್ತದೆ. ಬನ್ನು ಬೇಯಿಸುವವನ ಮೇಲೆ, ಅದೂ ಸ್ವಂತ ಷಡ್ಡಕನ ಮೇಲೆ ಪಡಬೇಕಾಗಿ ಬಂದದ್ದು ಅವನಿಗೆ ಸೋಲಿಗಿಂತ ದೊಡ್ಡ ಅವಮಾನವಾಗಿತ್ತು.

ಅವನ ಕೆಲಸ ಭೂಮಾಪನ ಕಚೇರಿಯಲ್ಲಿ ನಕಾಶೆ ಬರೆಯುವುದು. ಮೂವತ್ತು ವರ್ಷ ಪರರ ಜಮೀನಿನ ಗಡಿಗಳನ್ನು ಸೂಜಿಮೊನೆಯ ಪೆನ್ನಿನಲ್ಲಿ ಎಳೆದು ಎಳೆದು, ಮಾತೆತ್ತಿದರೆ 'ಕೂದಲೆಳೆಯಷ್ಟು' ಎನ್ನುವುದು ಚಟವಾಗಿ ಹೋಗಿತ್ತು. ಟೀಗೆ ಸಕ್ಕರೆ ಕೂದಲೆಳೆಯಷ್ಟು ಜಾಸ್ತಿ, ಬಾಗಿಲು ಕೂದಲೆಳೆಯಷ್ಟು ವಾಲಿದೆ, ರೈಫಲ್ ಕ್ಲಬ್ಬಿನ ಅಧ್ಯಕ್ಷನಿಗೆ ಬುದ್ಧಿ ಕೂದಲೆಳೆಯಷ್ಟು ಕಡಿಮೆ. ತಲೆಯ ಮೇಲಿನ ಕೂದಲೂ ಎಳೆ ಎಣಿಸುವ ಸ್ಥಿತಿಗೆ ಬಂದಾಗ ಕ್ಲಬ್ಬಿನವರು ಆ ಹೆಸರನ್ನು ಅವನಿಗೆ ಕಾಯಂ ಮಾಡಿಬಿಟ್ಟರು.

ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಸಾವಿರ ಗಜದ ಪಂದ್ಯ. ಆ ದೂರಕ್ಕೆ ಗುರಿಹಲಗೆ ಅಂಚೆಚೀಟಿಯಷ್ಟು ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ತೋಟಾ ಹಿಡಿದುಕೊಂಡು ಅಲ್ಲಿ ಯಾರೂ ಮಲಗುವುದಿಲ್ಲ. ಹೊಡೆದು ಖಾಲಿಯಾದ ಹಿತ್ತಾಳೆ ಚಿಪ್ಪುಗಳನ್ನು ಆರಿಸಿ ತಂದು, ಮನೆಯಲ್ಲೇ ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ, ತಂತಮ್ಮ ರೈಫಲ್ಲಿಗೆ ಹೊಂದುವಂತೆ ಮಾಡಿಕೊಳ್ಳುತ್ತಾರೆ. ಅದರಲ್ಲಿ ಕೂದಲೆಳೆಯ ಶ್ರದ್ಧೆಗೆ ಸಾಟಿ ಇರಲಿಲ್ಲ. ಮೆಟ್ಟಿಲ ಕೆಳಗಿನ ಉಗ್ರಾಣವನ್ನೇ ಅವನು ಮದ್ದಿನ ಕೋಣೆ ಮಾಡಿಕೊಂಡಿದ್ದ. ಒಳಗೆ ಹೋದರೆ ಫ್ಯಾನ್ ಬಂದ್, ಕಿಟಕಿ ಬಂದ್, ಮೆಟ್ಟಿಲ ಮೇಲೆ ಯಾರೂ ಓಡಾಡುವಂತಿಲ್ಲ. ಹೆಂಡತಿ ಬಾಗಿಲ ಹತ್ತಿರ ಬಂದರೂ, "ಉಸಿರು ಬಿಡಬೇಡ್ವೇ, ತಕ್ಕಡಿ ಅಲ್ಲಾಡುತ್ತೆ" ಎನ್ನುತ್ತಿದ್ದ. ಮದ್ದನ್ನು ಕಾಳು ಕಾಳು ಹಾಕಿ, ಒಂದು ಕಾಳು ಹೆಚ್ಚಾದರೆ ಇಕ್ಕಳದಲ್ಲಿ ತೆಗೆಯುವವನು ಅವನು. ತಾನು ಹುಟ್ಟಿದ್ದೇ ಮದ್ದು ತೂಗುವುದಕ್ಕೆ ಎಂದುಕೊಂಡಿದ್ದ, ಪಾಪ.

ಹಾಗಿದ್ದರೂ ಅವನ ಗುರಿಹಲಗೆ ಬೇರೆ ಕತೆ ಹೇಳುತ್ತಿತ್ತು. ಕ್ಲಬ್ಬಿನಲ್ಲಿ ಒಂದು ಮಾತಿದೆ: ಎತ್ತರ ಮದ್ದಿನದು, ಅಗಲ ಮನುಷ್ಯನದು. ಸಾವಿರ ಗಜ ಹೋಗುವಷ್ಟರಲ್ಲಿ ಗುಂಡು ಮೂರು ಮಹಡಿಯಷ್ಟು ಕೆಳಗಿಳಿಯುತ್ತದೆ. ಒಂದು ತೋಟಾ ಕೊಂಚ ಜೋರಾಗಿ ಉರಿದರೆ ಆ ಗುಂಡು ಮೇಲೆ ಬೀಳುತ್ತದೆ, ನಿಧಾನವಾದರೆ ಕೆಳಗೆ. ಹಾಗಾಗಿ ತೂತುಗಳು ಮೇಲೆ ಕೆಳಗೆ ಚೆದುರಿದರೆ ತೋಟಾ ಮಾಡಿದ ಕೈಯ ತಪ್ಪು, ಎಡಬಲಕ್ಕೆ ಚೆದುರಿದರೆ ಗಾಳಿ ಓದಲಾರದ ಕಣ್ಣಿನ ತಪ್ಪು. ಕೂದಲೆಳೆಯ ತೂತುಗಳು ವರ್ಷ ವರ್ಷವೂ ಹಗ್ಗ ಇಳಿಬಿಟ್ಟ ಹಾಗೆ ಒಂದರ ಕೆಳಗೊಂದು ನಿಲ್ಲುತ್ತಿದ್ದವು. ಅಗಲವೆಂಬುದೇ ಇಲ್ಲ. ಆ ಬಯಲಿನ ಗಾಳಿಯನ್ನು ಅವನಷ್ಟು ಚೆನ್ನಾಗಿ ಓದುವವನು ಇನ್ನೊಬ್ಬನಿರಲಿಲ್ಲ. ಅದನ್ನು ಯಾರಾದರೂ ಹೊಗಳಿದರೆ, "ಗಾಳಿ ಬಿಡ್ರಿ, ಹುಲ್ಲು ನೋಡಿದ್ರೆ ಗೊತ್ತಾಗುತ್ತೆ" ಎಂದು ಕೊಡವಿಬಿಡುತ್ತಿದ್ದ. ಎತ್ತರಕ್ಕೆ ಮಾತ್ರ ನೂರು ಸಬೂಬು. ಮದ್ದಿನ ಕಂಪನಿ ಸರಿಯಿಲ್ಲ, ಈ ಸಲದ ಡಬ್ಬಿ ಹೋದ ಸಲದ ಹಾಗಿಲ್ಲ, ಬಿಸಿಲು ಜಾಸ್ತಿ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಎರಡು ತಿಂಗಳಿಗೊಮ್ಮೆ ಮದ್ದು ಬದಲಾಯಿಸುತ್ತಿದ್ದ, ಪ್ರತಿ ಸಲವೂ ಮೊದಲಿನದಕ್ಕಿಂತ ರಭಸದ್ದು. ಆ ಮದ್ದುಗಳೋ ಬಿಸಿಲೇರಿದರೆ ಅವನಂತೆಯೇ ರೇಗುತ್ತಿದ್ದವು.

ಇನ್ನು ಷಡ್ಡಕ. ಕೂದಲೆಳೆಯ ಹೆಂಡತಿಯ ತಂಗಿಯನ್ನು ಮದುವೆಯಾದವನು, ಎರಡು ಬೀದಿ ಆಚೆ ಬೇಕರಿ ಇಟ್ಟವನು. ಮೊಣಕೈವರೆಗೆ ಹಿಟ್ಟು, ಬಾಯಿ ತುಂಬ ನಗು. ಮಲಗಿ ಗುರಿ ಹಿಡಿದರೂ ಪಕ್ಕದವನ ಹತ್ತಿರ ಮಾತಾಡುತ್ತಲೇ ಇರುತ್ತಿದ್ದ. ಗಾಳಿ ಓದುವುದರಲ್ಲಿ ಅವನು ಅಷ್ಟಕ್ಕಷ್ಟೆ. ಅವನ ತೂತುಗಳು ಲಟ್ಟಣಿಗೆ ಎಳೆದ ಹಾಗೆ ಎಡದಿಂದ ಬಲಕ್ಕೆ ಹರಡುತ್ತಿದ್ದವು. ಎತ್ತರ ಮಾತ್ರ ನಾಲ್ಕು ಬೆರಳು. ಸಾವಿರ ಗಜದಲ್ಲಿ ನಾಲ್ಕು ಬೆರಳೆಂದರೆ ಏನು ಎಂದು ಗೊತ್ತಿದ್ದವರು ಅದನ್ನು ಕಂಡು ಕೈ ಮುಗಿಯುತ್ತಿದ್ದರು. ಐದು ವರ್ಷದಿಂದ ಅವನೇ ಗೆಲ್ಲುತ್ತಿದ್ದ, ಐದು ವರ್ಷದಿಂದ ಕೂದಲೆಳೆ ಎರಡನೆಯವನು. ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ಗೆದ್ದವರ ಹೆಸರು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಎರಡನೆಯವನ ಹೆಸರು ಬರೆಯುವ ಪದ್ಧತಿ ಇಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ಅಧ್ಯಕ್ಷ ಸಭೆ ಕರೆದು ಹೇಳಿದ: ಹೊಸ ರಸ್ತೆ ಗುಂಡು ಹೊಡೆಯುವ ಈ ರೇಂಜಿನ ಮಧ್ಯದಲ್ಲೇ ಹಾಯುತ್ತದೆ, ಉಳಿಯುವುದು ಮುನ್ನೂರು ಗಜ. ಬರುವ ತಿಂಗಳಿನದೇ ಕೊನೆಯ ಸಾವಿರ ಗಜದ ಪಂದ್ಯ. ಎಲ್ಲರೂ ಅಯ್ಯೋ ಎಂದರು. ಕೂದಲೆಳೆ ಗೋಡೆಯ ಹಲಗೆಯನ್ನು ನೋಡಿದ. ಕೆಳಗೆ ಒಂದೇ ಒಂದು ಸಾಲಿಗೆ ಜಾಗ ಇತ್ತು. ಅದು ತನ್ನದಾಗದಿದ್ದರೆ ತಾನು ಇಪ್ಪತ್ತು ವರ್ಷ ಆ ಹುಲ್ಲಿನ ಮೇಲೆ ಮಲಗಿದ್ದಕ್ಕೆ ಸಾಕ್ಷಿಯೇ ಇಲ್ಲ ಎಂದು ಅವನಿಗೆ ಅನ್ನಿಸಿತು.

ಹೊರಗೆ ಬರುತ್ತ, ಯಾವತ್ತೂ ಕೇಳದವನು, ಮಾನ ಬಿಟ್ಟು ಕೇಳಿಯೇಬಿಟ್ಟ.

"ನೀನು ಯಾವ ಮದ್ದು ಹಾಕ್ತೀಯಯ್ಯಾ?"

ಬೇಕರಿಯವನು ಹೇಳಿದ ಹೆಸರು ಕೇಳಿ ಕೂದಲೆಳೆಗೆ ಮೈ ಉರಿಯಿತು. ಅದು ಹಳೆಯ, ನಿಧಾನದ, ಹೊಸಬರು ಕಲಿಯುವುದಕ್ಕೆಂದು ಕೊಳ್ಳುವ ಮದ್ದು. ತಾನೇ ಎಂಟು ವರ್ಷದ ಹಿಂದೆ ಬಿಟ್ಟು ಎಸೆದದ್ದು.

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ ಭಾವ. ಅದು ಹಳೇ ಎಮ್ಮೆ ಇದ್ದ ಹಾಗಂತೆ. ಜೋರಿಲ್ಲ, ಆದ್ರೆ ಬಿಸಿಲಿಗೂ ಚಳಿಗೂ ಒಂದೇ ನಡಿಗೆ."

"ಅಂತೆ ಅಂದ್ರೆ? ಯಾರು ಹೇಳಿದ್ದು?"

ಬೇಕರಿಯವನು ಮೊದಲ ಸಲ ಮಾತು ನುಂಗಿದ. "ಹೀಗೇ… ತಿಳಿದೋರು" ಎಂದು ಸೈಕಲ್ಲು ಹತ್ತಿಬಿಟ್ಟ.

ಯಾರೋ ಇದ್ದಾರೆ! ಕೂದಲೆಳೆಗೆ ಆ ವಾರವೆಲ್ಲ ನಕಾಶೆಯ ಗೆರೆಗಳು ಕಣ್ಣೆದುರು ಕದಡಿಹೋದವು. ಷಡ್ಡಕನಿಗೆ ಯಾವನೋ ಗುರು ಸಿಕ್ಕಿದ್ದಾನೆ, ಗುಟ್ಟಾಗಿ ತುಂಬಿಸಿಕೊಡುತ್ತಿದ್ದಾನೆ. ಮುಂದಿನ ಭಾನುವಾರ ಬೇಕರಿಯವನು ಅಭ್ಯಾಸ ಮುಗಿಸಿ ಖಾಲಿ ಚಿಪ್ಪುಗಳನ್ನು ಬ್ರೆಡ್ಡಿನ ಟಿನ್ನಿಗೆ ಹಾಕಿ ನೀರು ಕುಡಿಯಲು ಹೋದಾಗ ಕೂದಲೆಳೆ ಎರಡು ಚಿಪ್ಪು ಎತ್ತಿ ಜೇಬಿಗಿಳಿಸಿದ. ಐವತ್ತನಾಲ್ಕು ವರ್ಷ ಬದುಕಿ, ಆಫೀಸಿನ ಪೆನ್ಸಿಲನ್ನೂ ಮನೆಗೆ ತರದ ಮನುಷ್ಯ ಕಳ್ಳನಾದದ್ದು ಎರಡು ತುಂಡು ಹಿತ್ತಾಳೆಗೆ.

ಉಗ್ರಾಣದ ಬಾಗಿಲು ಹಾಕಿ ಭೂತಗನ್ನಡಿಯಲ್ಲಿ ನೋಡಿದ. ಚಿಪ್ಪಿನ ಕೊರಳ ಸುತ್ತ ನೀಲಿ ಮಿಶ್ರಿತ ಕಂದು ಬಣ್ಣದ ಉಂಗುರ. ಬೆಂಕಿ ತೋರಿಸಿದ ಗುರುತು. ಗುಂಡನ್ನು ಹಿಡಿದುಕೊಳ್ಳುವುದೇ ಈ ಕೊರಳು. ಪದೇ ಪದೇ ಹೊಡೆದ ಹಿತ್ತಾಳೆ ಗಡುಸಾಗುತ್ತದೆ, ಒಂದು ಚಿಪ್ಪು ಗುಂಡನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಸಡಿಲ. ಮದ್ದನ್ನು ಎಷ್ಟು ಕಾಳು ಎಣಿಸಿ ಹಾಕಿದರೂ ಆಮೇಲೆ ಒಂದೊಂದೂ ಒಂದೊಂದು ವೇಗ. ಇಲ್ಲಿ ಯಾರೋ ಕೊರಳನ್ನು ಮಾತ್ರ ಹದವಾಗಿ ಕಾಯಿಸಿ, ಎಲ್ಲವನ್ನೂ ಒಂದೇ ಮೆತ್ತಗೆ ಮಾಡಿದ್ದರು. ಬುಡಕ್ಕೆ ಕಾವು ತಾಗಿರಲಿಲ್ಲ. ತಾಗಿದರೆ ಚಿಪ್ಪು ಒಡೆದು ಮುಖಕ್ಕೆ ಬರುತ್ತದೆ. ಇಷ್ಟು ನಾಜೂಕಿನ ಕೈ ಯಾರದಪ್ಪಾ ಎಂದು ಚಿಪ್ಪನ್ನು ಬೋರಲು ಮಾಡಿದ. ಬುಡದ ಗೀರಿನಲ್ಲಿ ಸಾಸಿವೆಯಷ್ಟು ಗುಲಾಬಿ ಬಣ್ಣದ ಮೇಣ ಅಂಟಿತ್ತು.

ಆ ಮೇಣವನ್ನು ಅವನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದ. ಊಟದ ತಟ್ಟೆಯ ಅಂಚಿನಲ್ಲಿ, ಟವೆಲ್ಲಿನಲ್ಲಿ, ಹೆಂಡತಿಯ ಉಗುರಿನ ಸಂದಿಯಲ್ಲಿ. ಅವಳು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಒಸಡಿನ ಅಚ್ಚು ತೆಗೆಯುವ ಮೇಣ ಅದು.

ಹೊರಗೆ ಅಡುಗೆಮನೆಯಲ್ಲಿ ಅವಳು ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

ಪ್ರತಿ ಗುರುವಾರ ಸಂಜೆ ಅವಳು, "ತಂಗಿ ಮನೆಗೆ ಹೋಗಿ ಬರ್ತೀನಿ ರೀ" ಎಂದು ಹೇಳಿಯೇ ಹೋಗುತ್ತಿದ್ದಳು. ಯಾಕೆ ಎಂದು ಅವನು ಕೇಳಿದವನಲ್ಲ. ಅಕ್ಕತಂಗಿಯರು ಹರಟುತ್ತಾರೆ, ತನಗೆ ಕೋಣೆಯಲ್ಲಿ ಶಾಂತಿ ಸಿಗುತ್ತದೆ ಎಂದುಕೊಂಡಿದ್ದ. ಆ ಗುರುವಾರ ಹತ್ತು ನಿಮಿಷ ಬಿಟ್ಟು ಅವನೂ ಹೊರಟ. ಬೇಕರಿಯ ಹಿಂದಿನ ಓಣಿಯಲ್ಲಿ ಹಿಟ್ಟಿನ ಖಾಲಿ ಚೀಲಗಳ ರಾಶಿಯ ಮರೆಗೆ ನಿಂತು ಕಿಟಕಿಯಲ್ಲಿ ಇಣುಕಿದ.

ಒಲೆಯಿಂದ ದೂರದ ಮೂಲೆಗೆ ಒಂದು ಮೇಜು. ಮೇಜಿನ ಮುಂದೆ ಅವನ ಹೆಂಡತಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. ಗುಂಡು ಕೂರಿಸುವ ಸಣ್ಣ ಯಂತ್ರದ ಹಿಡಿಯನ್ನು ಒತ್ತುತ್ತಿದ್ದಳು. ಒಂದನ್ನು ಒತ್ತಿದಳು, ಟ್ರೇಯಲ್ಲಿ ಇಟ್ಟಳು. ಇನ್ನೊಂದನ್ನು ಒತ್ತಿದಳು, ತಲೆಯಾಡಿಸಿ ಪಕ್ಕಕ್ಕೆ ಸರಿಸಿದಳು. ತಕ್ಕಡಿ ಅಲ್ಲ, ಅಳತೆ ಅಲ್ಲ. ಬಿಗಿ ಎಷ್ಟೆಂದು ಅವಳ ಅಂಗೈಗೆ ತಿಳಿಯುತ್ತಿತ್ತು. ತಂಗಿ ಚಿಪ್ಪು ಒರೆಸಿ ಒರೆಸಿ ಕೊಡುತ್ತಿದ್ದಳು. ಬೇಕರಿಯವನು ಗೋಡೆಗೆ ಒರಗಿ, ಕೈಕಟ್ಟಿ, ಬಾಯಿ ಮುಚ್ಚಿ ಕೂತಿದ್ದ. ನಿದ್ದೆಯಲ್ಲೂ ಮಾತಾಡುವ ಆ ಮನುಷ್ಯ ಅವಳ ಕೈಯನ್ನೇ ನೋಡುತ್ತ ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತಿಗೆ ಎದ್ದು, ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಹೋಗಿ ಎದುರು ಗೋಡೆಯ ಕಿಟಕಿಯ ಒಂದು ಬಾಗಿಲು ಮುಚ್ಚಿದ, ಗಾಳಿ ಬರಬಾರದೆಂದು. ಅವಳು ತಲೆ ಎತ್ತಿ ಏನೋ ಹೇಳಿ ನಕ್ಕಳು.

ಆ ನಗು ಕೂದಲೆಳೆಯ ಎದೆಗೆ ಚುಚ್ಚಿತು. ಅವರಿಬ್ಬರ ನಡುವೆ ತಪ್ಪು ಏನೂ ಇಲ್ಲ ಎಂಬುದು ಅಂಗೈ ಹುಣ್ಣಿನಷ್ಟು ಸ್ಪಷ್ಟ. ತಂಗಿ ಅಲ್ಲೇ ಇದ್ದಾಳೆ, ಬಾಗಿಲು ತೆರೆದೇ ಇದೆ. ತಪ್ಪೇನಾದರೂ ಇದ್ದಿದ್ದರೆ ಒಳಗೆ ನುಗ್ಗಿ ಕೂಗಾಡಬಹುದಿತ್ತು, ಎದೆ ಹಗುರವಾಗುತ್ತಿತ್ತು. ಇದು ಅದಕ್ಕಿಂತ ಕೆಟ್ಟದ್ದು. ತನ್ನ ಮನೆಯ ಕೈ, ತನ್ನನ್ನು ಐದು ವರ್ಷ ಸೋಲಿಸಿತ್ತು. ಅವನು ಮನೆಗೆ ಓಡಿದ ಹಾಗೆ ನಡೆದ.

ಅವಳು ಬಂದಾಗ ಎರಡು ಚಿಪ್ಪುಗಳು ಊಟದ ಮೇಜಿನ ಮೇಲಿದ್ದವು. ನೋಡಿ, ಕೈಚೀಲ ಕೆಳಗಿಟ್ಟು, ಕುರ್ಚಿ ಎಳೆದು ಕೂತಳು.

"ಎಷ್ಟು ದಿನದಿಂದ?" ಎಂದ.

"ಆರು ವರ್ಷ. ಮೊದಲನೇ ವರ್ಷ ಸರಿಹೋಗಲಿಲ್ಲ."

"ಆರು ವರ್ಷ! ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಕೇಳಿದ್ದೆ, ಕಟ್ಕೊಂಡೇ ಇದ್ದೀನಿ ಅಂತ ಗೊತ್ತಿರಲಿಲ್ಲ. ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ?"

"ಹೇಳಿದ್ದೆ ರೀ. ಈ ಹಿತ್ತಾಳೆ ಗಡುಸಾಗಿದೆ, ಕೊರಳಿಗೆ ಸ್ವಲ್ಪ ಕಾವು ಕೊಟ್ಟು ನೋಡೋಣ, ಬುಡಕ್ಕೆ ಮೇಣ ಹಚ್ಚಿಡ್ತೀನಿ, ಮೇಣ ಕರಗಿದ್ರೆ ಆ ಚಿಪ್ಪು ಎಸೆಯೋಣ ಅಂತ. ನೀವೇನಂದ್ರಿ? 'ಇದು ಹಲ್ಲಿನ ಸೆಟ್ಟಲ್ಲ ಕಣೇ, ರೈಫಲ್ಲು' ಅಂದ್ರಿ. ಅಂದು ಬಾಗಿಲು ಹಾಕ್ಕೊಂಡ್ರಿ."

ಅಂದದ್ದು ಅವನಿಗೆ ನೆನಪಿರಲಿಲ್ಲ. ಬಾಗಿಲು ಹಾಕಿಕೊಂಡದ್ದು ನೆನಪಿತ್ತು, ಅದು ದಿನಾ ಹಾಕುವ ಬಾಗಿಲಾದ್ದರಿಂದ.

"ಅದಕ್ಕೆ ಅವನಿಗೆ ಹೋಗಿ ಮಾಡಿಕೊಟ್ಯಾ?"

"ತಂಗಿ ಮನೇಲಿ ಮಾತಿಗೆ ಹೇಳ್ದೆ. ಅವರು ಎದ್ದುಹೋಗಿ ಚಿಪ್ಪು ತಂದು ಮುಂದೆ ಇಟ್ರು. ತೋರಿಸಿ ಅಕ್ಕಾ ಅಂದ್ರು." ಅವಳ ದನಿ ಸಣ್ಣಗಾಯಿತು. "ನನಗೆ ಖುಷಿ ಆಯ್ತು. ಸುಳ್ಳು ಯಾಕೆ ಹೇಳ್ಲಿ."

"ಇನ್ಮೇಲೆ ಅವನಿಗೆ ಬೇಡ. ನನಗೆ ಮಾಡು."

"ನಿಮಗೆ ಮಾಡ್ತೀನಿ. ಅವರಿಗೂ ಮಾಡ್ತೀನಿ. ಕೊಟ್ಟ ಮಾತು ಪಂದ್ಯ ಮೂರು ವಾರ ಇರುವಾಗ ಮುರಿಯೋದಾ? ನಾನು ಕೈಬಿಟ್ಟು ಅವರು ಸೋತ್ರೆ ನೀವು ಗೆದ್ದ ಹಾಗೇನು?"

ಗೆದ್ದ ಹಾಗೆಯೇ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

ಮರುದಿನದಿಂದ ಉಗ್ರಾಣದಲ್ಲಿ ಎರಡು ಸ್ಟೂಲು. ಅವಳು ಮೊದಲು ಮಾಡಿದ ಕೆಲಸವೆಂದರೆ ಅವನ ರಭಸದ ಮದ್ದಿನ ಡಬ್ಬಿಗಳನ್ನೆಲ್ಲ ಮೇಲಿನ ಅಟ್ಟಕ್ಕೆ ಸರಿಸಿದ್ದು. ಹಳೇ ಎಮ್ಮೆಯನ್ನೇ ತಂದಳು. ಆಮೇಲೆ ಅವನು ಆ ವರ್ಷವಷ್ಟೇ ರೈಫಲ್ಲಿಗೆ ಹಾಕಿಸಿದ್ದ ನಳಿಗೆಯನ್ನು ವಿಚಾರಿಸಿದಳು, ಹೊಸ ರೋಗಿಯ ಬಾಯಿ ನೋಡುವ ಹಾಗೆ. ಒಂದೊಂದು ನಳಿಗೆಯದು ಒಂದೊಂದು ರುಚಿ. ಒಂದಕ್ಕೆ ಹೊಂದಿದ ತೋಟಾ ಇನ್ನೊಂದಕ್ಕೆ ಆಗಿಬರುವುದಿಲ್ಲ. ಮೂರು ಭಾನುವಾರ ಅವನು ಅವಳು ಕೊಟ್ಟ ಐದೈದು ತೋಟಾ ಹೊಡೆದು ಬಂದು ಕಾಗದ ತೋರಿಸಿದ. ಅವಳು ಮದ್ದನ್ನು ಚೂರು ಇಳಿಸಿದಳು, ಗುಂಡನ್ನು ಚೂರು ಒಳಗೆ ಕೂರಿಸಿದಳು. ಮೂರನೆಯ ಭಾನುವಾರ ಮುನ್ನೂರು ಗಜದಿಂದ ಹೊಡೆದ ಐದು ತೂತುಗಳನ್ನು ಒಂದು ಬಿಸ್ಕತ್ತಿನಿಂದ ಮುಚ್ಚಬಹುದಿತ್ತು.

ಸಂತೋಷಪಡುವವನಾಗಿದ್ದರೆ ಅವತ್ತು ಸಂತೋಷಪಡುತ್ತಿದ್ದ. ಆದರೆ ಹೊಟ್ಟೆಕಿಚ್ಚಿಗೆ ಅದರದೇ ಲೆಕ್ಕ ಇರುತ್ತದೆ. ಮೂರೇ ವಾರಕ್ಕೆ ನನಗೆ ಇಷ್ಟು ಮಾಡಿಕೊಟ್ಟವಳು ಆರು ವರ್ಷದಿಂದ ಅವನಿಗೆ ಇನ್ನೆಷ್ಟು ಮಾಡಿಕೊಟ್ಟಿರಬೇಡ? ಕಾಗದ ಚೆನ್ನಾದಷ್ಟೂ ಅವನ ಮುಖ ಇಳಿಯಿತು. ಪಂದ್ಯದ ಹಿಂದಿನ ದಿನ ಅವಳು ಬೇಕರಿಯಲ್ಲಿ ಎರಡು ತಾಸು ಕೂತಳು, ಮನೆಯಲ್ಲಿ ಒಂದೇ ತಾಸು. ಅವನು ಗಡಿಯಾರ ನೋಡಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಅವಳು ಎರಡು ಡಬ್ಬಿ ಕೈಗಿಟ್ಟಳು. ಎರಡೂ ಒಂದೇ ಥರದ ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲಿ ಇಪ್ಪತ್ತೆರಡು ತೋಟಾ, ಮುಚ್ಚಳದ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡು. ಒಂದರ ಮೇಲೆ 'ನಿಮಗೆ', ಇನ್ನೊಂದರ ಮೇಲೆ 'ಅವರಿಗೆ'.

"ಇನ್ನೊಮ್ಮೆ ನೋಡೋಣ ಅಂತ ಅವರದ್ದನ್ನ ರಾತ್ರಿ ಇಲ್ಲಿಗೆ ತಂದಿದ್ದೆ, ಅವರು ಮೊದಲೇ ಹೊರಟುಹೋದ್ರಂತೆ, ಇದನ್ನ ಕೊಟ್ಬಿಡಿ. ಮೈಮರೆತು ಅದಲು ಬದಲು ಮಾಡ್ಬೇಡಿ ಮತ್ತೆ" ಎಂದಳು.

ರೇಂಜಿನ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಕೂದಲೆಳೆ ಸ್ಕೂಟರ್ ನಿಲ್ಲಿಸಿ, ಗೂಡ್ಸ್ ಗಾಡಿ ಬರುವವರೆಗೆ ಕಾಯುತ್ತ, ಸುಮ್ಮನಿರಲಾರದೆ ಎರಡೂ ಡಬ್ಬಿ ತೆರೆದ. ತನ್ನವು ಗಿಡ್ಡ. ಅವನವು ಉದ್ದ, ಗುಂಡು ಚಿಪ್ಪಿನಿಂದ ಇನ್ನೊಂದಿಷ್ಟು ಹೊರಗೆ ಚಾಚಿ, ಎದೆಯುಬ್ಬಿಸಿ ನಿಂತ ಹಾಗಿದ್ದವು. ನಳಿಗೆಯ ಅಂಚಿಗೆ ತಾಗುವಂತೆ ಗುಂಡು ಕೂರಿಸಿದರೆ ಗುರಿ ಇನ್ನೂ ಮೊನಚು ಎಂದು ಅವನು ಎಲ್ಲೋ ಓದಿದ್ದ. ಅವನಿಗೆ ಹಾಗೆ ಮಾಡಿದ್ದಾಳೆ, ನನಗೆ ಅಷ್ಟು ಮಾಡಲು ಕೈ ಬರಲಿಲ್ಲ! ಇಪ್ಪತ್ತು ವರ್ಷ ತೋಟಾ ತುಂಬಿದವನಿಗೆ ಒಂದು ಗಳಿಗೆ ಯೋಚಿಸಿದ್ದರೆ ತಿಳಿಯುತ್ತಿತ್ತು. ಲೆಕ್ಕ ಬಲ್ಲವನಿಗೂ ಹೊಟ್ಟೆ ಉರಿಯುವಾಗ ಲೆಕ್ಕ ನೆನಪಾಗುವುದಿಲ್ಲ. ಗೂಡ್ಸ್ ಗಾಡಿಯ ಮೊದಲ ಬೋಗಿ ಹಾಯುವಾಗ ಪ್ಲಾಸ್ಟರುಗಳನ್ನು ಉಗುರಿನಿಂದ ಎಬ್ಬಿಸಿದ, ಕೊನೆಯ ಬೋಗಿ ಹಾಯುವಾಗ ಬದಲಿಸಿ ಅಂಟಿಸಿ ಆಗಿತ್ತು.

ರೇಂಜಿನಲ್ಲಿ ಬೇಕರಿಯವನು ಡಬ್ಬಿ ಇಸಿದುಕೊಂಡು, "ನಮ್ಮಿಬ್ಬರದ್ದೂ ಒಂದೇ ಕೈ ಇವತ್ತು, ಅಲ್ವಾ ಭಾವ? ನೀವೇ ಗೆಲ್ಬೇಕು" ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಕೂದಲೆಳೆ ಜೇಬು ತಡವಿಕೊಂಡ.

ಮೂವತ್ತು ನಿಮಿಷ, ಎರಡು ಪರೀಕ್ಷೆಯ ಗುಂಡು, ಇಪ್ಪತ್ತು ಲೆಕ್ಕದ ಗುಂಡು. ಸೀಟಿ ಊದಿತು. ಕೂದಲೆಳೆ ಮಲಗಿ, ಹುಲ್ಲು ಬಾಗುವುದನ್ನು ನೋಡಿ, ಮೊದಲ ತೋಟಾ ಹಾಕಿ, ಅದನ್ನು ನಳಿಗೆಗೆ ದೂಡುವ ಬೋಲ್ಟ್ ಮುಂದೆ ತಳ್ಳಿದ. ಅರ್ಧಕ್ಕೆ ನಿಂತಿತು. ಮತ್ತೆ ತಳ್ಳಿದ, ಹಿಡಿ ಕೆಳಗಿಳಿಯಲಿಲ್ಲ. ಹೊರಗೆ ತೆಗೆದು ಇನ್ನೊಂದು ಹಾಕಿದ. ಅದೂ ಅಷ್ಟೆ. ಆಗ ಬುದ್ಧಿ ಬಂತು, ಬರಬಾರದ ಹೊತ್ತಿಗೆ. ಷಡ್ಡಕನ ನಳಿಗೆ ಆರು ವರ್ಷ ಗುಂಡು ಉಗುಳಿ, ತೋಟಾ ಕೂರುವ ಕಡೆಯ ಬಾಯಿ ಸವೆದದ್ದು. ಆ ಸವೆದ ಜಾಗ ತುಂಬಲೆಂದೇ ಅವಳು ಗುಂಡನ್ನು ಮುಂದಕ್ಕೆ ಚಾಚಿ ಕೂರಿಸಿದ್ದಳು. ತನ್ನ ಹೊಸ ನಳಿಗೆಗೆ ಅದು ಹಿಡಿಸುವುದಿಲ್ಲ. ಒತ್ತಿ ಹೊಡೆದರೆ ಮುಖ ಉಳಿಯುವ ಖಾತ್ರಿ ಇಲ್ಲ.

ಎರಡು ಚಾಪೆ ಆಚೆ ಬೇಕರಿಯವನು ಒಂದೂ ಗುಂಡು ಹೊಡೆಯದೆ, ಒಂದು ತೋಟಾವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ನೋಡಿ, ತಿರುಗಿ ಭಾವನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತೆಂಬುದು ಅವನು ಮಾತಾಡದೆ ಇದ್ದದ್ದರಿಂದಲೇ ಕೂದಲೆಳೆಗೆ ಗೊತ್ತಾಯಿತು. ಆಮೇಲೆ ಬೇಕರಿಯವನು ಕೈ ಎತ್ತಿದ.

"ಸಾರ್, ತಪ್ಪು ನನ್ನದು. ಗಡಿಬಿಡೀಲಿ ಭಾವನ ಡಬ್ಬಿ ಎತ್ಕೊಂಡ್ಬಿಟ್ಟಿದ್ದೀನಿ."

ರೇಂಜ್ ಅಧಿಕಾರಿ ನಿವೃತ್ತ ಡ್ರಿಲ್ ಮಾಸ್ತರು. ಎಲ್ಲ ರೈಫಲ್ಲು ಖಾಲಿ ಮಾಡಿಸಿ, ಎರಡು ಡಬ್ಬಿಯನ್ನೂ ತರಿಸಿ, ತೋಟಾಗಳನ್ನು ಒಂದೊಂದಾಗಿ ಎಣಿಸಿ, "ಮಕ್ಕಳಾಟ ಅಂದ್ಕೊಂಡಿದ್ದೀರಾ?" ಎಂದು ಇಬ್ಬರಿಗೂ ಉಗಿದು, ಉಳಿದವರು ಕಳೆದುಕೊಂಡ ಹೊತ್ತನ್ನು ಅವರಿಗೆ ತಿರುಗಿ ಕೊಟ್ಟ. "ನಿಮ್ಮಿಬ್ಬರ ಗಡಿಯಾರ ಮಾತ್ರ ನಿಲ್ಲಲ್ಲ" ಎಂದ. ಡಬ್ಬಿ ಕೈಗೆ ಬಂದಾಗ ಹದಿನೇಳು ನಿಮಿಷ ಉಳಿದಿತ್ತು.

ಕೂದಲೆಳೆ ಗಾಳಿ ಓದಿ ಹೊಡೆಯುವವನು. ಒಂದು ಬೀಸು ಹೋಗಲಿ, ಇನ್ನೊಂದು ಬರಲಿ ಎಂದು ಕಾಯುವುದೇ ಅವನ ವಿದ್ಯೆ. ಅವತ್ತು ಕಾಯುವಷ್ಟು ಕಾದ, ಹೊಡೆದ. ಗುಂಡು ಹೇಳಿದಲ್ಲಿಗೆ ಹೋಯಿತು. ಮತ್ತೆ ಹೊಡೆದ, ಅಲ್ಲಿಗೇ ಹೋಯಿತು. ಇಪ್ಪತ್ತು ವರ್ಷದಲ್ಲಿ ಅವನು ಕಾಣದ್ದು ಅದು: ಮೇಲೂ ಇಲ್ಲ, ಕೆಳಗೂ ಇಲ್ಲ, ಅವನು ನೋಡಿದ ಜಾಗದಲ್ಲೇ ತೂತು. ಕಣ್ಣಲ್ಲಿ ನೀರು ಬಂದು ಒರೆಸಿಕೊಳ್ಳಲು ಅರ್ಧ ನಿಮಿಷ ಹೋಯಿತು. ಹದಿನೇಳನೆಯ ಲೆಕ್ಕದ ಗುಂಡು ಹೊಡೆದು ಹದಿನೆಂಟನೆಯದಕ್ಕೆ ಬೀಸು ಕಾಯುತ್ತಿದ್ದಾಗ ಸೀಟಿ ಊದಿತು.

ಹದಿನೇಳು ಗುಂಡಿಗೆ ನೂರ ಎಪ್ಪತ್ತರಲ್ಲಿ ನೂರ ಅರವತ್ತೆಂಟು. ಬೇಕರಿಯವನು ಗಾಳಿಯನ್ನು ಲೆಕ್ಕಿಸದೆ ಒಂದೇ ಉಸಿರಿಗೆ ಇಪ್ಪತ್ತನ್ನೂ ಮುಗಿಸಿದ್ದ, ನೂರ ಎಂಬತ್ತೊಂದು. ಹಲಗೆಯ ಕೊನೆಯ ಸಾಲು ಅವನಿಗೇ ಹೋಯಿತು. ಅವನು ಕಪ್ಪು ಹಿಡಿದುಕೊಂಡು, ಯಾವತ್ತಿನಂತೆ ನಗದೆ, ಕೂದಲೆಳೆಯ ಹತ್ತಿರ ಬಂದ.

"ಮನೇಲೂ ನಾನೇ ಡಬ್ಬಿ ಬದಲಾಯಿಸಿದೆ ಅಂತ ಹೇಳಿ ಭಾವ" ಎಂದು ಮೆಲ್ಲಗೆ ಹೇಳಿ ಹೋದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಯಲ್ಲಿ ಅವಳು ಗುರಿಹಲಗೆಯ ಕಾಗದವನ್ನು ಮೇಜಿನ ಮೇಲೆ ಹರಡಿ, ದೀಪ ಹತ್ತಿರ ಎಳೆದುಕೊಂಡು ನೋಡಿದಳು. ನೋಡುತ್ತ ನೋಡುತ್ತ ಮುಖ ಅರಳಿತು. ಬೆರಳಿಟ್ಟು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಪರೀಕ್ಷೆಯ ಎರಡು ಬಿಟ್ರೆ ಹದಿನೇಳೇ ಇದೆ. ಇನ್ನು ಮೂರು?"

ಅವನು ಜೇಬಿನಿಂದ ಉಳಿದ ಮೂರು ತೋಟಾ ತೆಗೆದು ಮೇಜಿನ ಮೇಲೆ ಇಟ್ಟ. ಷಡ್ಡಕ ಕೊಟ್ಟ ಸುಳ್ಳು ನಾಲಿಗೆಯ ಮೇಲೇ ಇತ್ತು, ಯಾರೂ ಸುಳ್ಳೆನ್ನುತ್ತಿರಲಿಲ್ಲ. ಆದರೆ ಆ ಒಂದು ಒಳ್ಳೆಯತನವನ್ನೂ ಅವನಿಂದಲೇ ಎರವಲು ಪಡೆಯಲು ಕೂದಲೆಳೆಗೆ ಆಗಲಿಲ್ಲ.

"ಗೇಟ್ ಹತ್ರ ಪ್ಲಾಸ್ಟರ್ ಕಿತ್ತು ಬದಲಾಯಿಸಿದೆ" ಎಂದ. "ಅವನಿಗೆ ಒಳ್ಳೇದು ಕೊಟ್ಟಿದ್ದೀಯ ಅಂದ್ಕೊಂಡೆ."

ಅವಳು ಮೂರು ತೋಟಾಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಪಕ್ಕ ಒಂದು ಸರಿಸಿ ಜೋಡಿಸಿದಳು.

"ಹೊಸ ಚಿಪ್ಪು ಇನ್ನೂರು ತಂದಿದ್ದೆ ರೀ. ಇನ್ನೂರನ್ನೂ ತೂಗಿ, ಒಂದೊಂದನ್ನೂ ಒತ್ತಿ ನೋಡಿ, ಅದರಲ್ಲಿ ಇಪ್ಪತ್ತೆರಡು ಆರಿಸಿದೆ. ಅದು ನಿಮಗೆ. ಬಿಟ್ಟಿದ್ರಲ್ಲಿ ಅವರಿಗೆ ಮಾಡ್ದೆ. ನಿನ್ನೆ ಅಲ್ಲಿ ಹೊತ್ತಾಗಿದ್ದು ಅದಕ್ಕೇ. ಸರಿಯಾದದ್ದೆಲ್ಲ ಮನೇಲಿತ್ತು, ಉಳಿದಿದ್ರಲ್ಲಿ ಇಪ್ಪತ್ತೆರಡು ಹೊಂದಿಸೋದು ಕಷ್ಟ ಆಯ್ತು."

ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಬಂತು, ಪಾತ್ರೆಯ ಸದ್ದು ಬರಲಿಲ್ಲ. ಕೂದಲೆಳೆ ಮೇಜಿನ ಮುಂದೆಯೇ ಕೂತಿದ್ದ. ಷಡ್ಡಕನನ್ನು ನೆನೆದ, ಅವನ ಕಪ್ಪನ್ನು ನೆನೆದ, ಹಲಗೆಯ ಕೊನೆಯ ಸಾಲನ್ನು ನೆನೆದ. ಆಶ್ಚರ್ಯವೆಂದರೆ ಯಾವುದಕ್ಕೂ ಹೊಟ್ಟೆ ಉರಿಯಲಿಲ್ಲ. ಉರಿದದ್ದು ಬೇರೊಬ್ಬನ ಮೇಲೆ: ಇವತ್ತು ಬೆಳಿಗ್ಗೆ ಮನೆಯ ಬಾಗಿಲಲ್ಲಿ ನಿಂತು, ಹೆಂಡತಿ ಇನ್ನೂರರಲ್ಲಿ ಆರಿಸಿ ಕೊಟ್ಟದ್ದನ್ನು ಕೈಯಲ್ಲಿ ಹಿಡಿದಿದ್ದ ಆ ಪುಣ್ಯವಂತನ ಮೇಲೆ.